ಯಾವ ವರ್ಷದ ಅರಮನೆ?

ಸೋಲ್ ನಗರದ ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ಮಂಗಳವಾರ ರಜೆ. 2025ರ ಅಕ್ಟೋಬರ್ ಕೊನೆಯ ವಾರ ಒಂದು ವಿಚಾರ ಸಂಕಿರಣಕ್ಕೆಂದು ಅಲ್ಲಿಗೆ ಹೋಗಿದ್ದ ನನಗೆ ಈ ಸಂಗತಿ ತಿಳಿದದ್ದು ಅರಮನೆಯ ಹೆಬ್ಬಾಗಿಲ ಮುಂದೆ ನಿಂತ ಮೇಲೆಯೇ. ಒಳಗೆ ಹೋಗಲಾಗದೆ ಅರ್ಧ ದಿನ ಬಾಗಿಲನ್ನೂ ಅದರ ಮುಂದಿನ ಬೀದಿಯನ್ನೂ ನೋಡುತ್ತ ಕಳೆದೆ. ಈಗ ಯೋಚಿಸಿದರೆ ಒಳಗಿನ ಅರಮನೆಗಿಂತ ಹೊರಗಿನ ಬಾಗಿಲೇ ನನಗೆ ಹೆಚ್ಚು ಕಲಿಸಿತು ಎನಿಸುತ್ತದೆ.

ಆ ಬಾಗಿಲಿನ ಹೆಸರು ಗ್ವಾಂಗ್‌ಹ್ವಾಮುನ್. ಕೆಳಗೆ ಮೂರು ಕಮಾನುಗಳಿರುವ ಕಲ್ಲಿನ ಪೀಠ, ಮೇಲೆ ಎರಡು ಅಂತಸ್ತಿನ ಮರದ ಮಾಡು, ಹಸಿರು-ಕೆಂಪು ಬಣ್ಣದ ಚಿತ್ತಾರ, ಹಿಂದೆ ಬುಗಾಕ್ ಬೆಟ್ಟ. ನಡುಮಧ್ಯದಲ್ಲಿ ಕಪ್ಪು ಹಲಗೆಯ ಮೇಲೆ ಬಂಗಾರದ ಬಣ್ಣದಲ್ಲಿ ಮೂರು ಚೀನಿ ಅಕ್ಷರಗಳು. ತಿರುಗಿ ನೋಡಿದರೆ ರಸ್ತೆಯಾಚೆಯ ಚೌಕದಲ್ಲಿ ದೊರೆ ಸೆಜೊಂಗನ ಬೃಹತ್ ಪ್ರತಿಮೆ. ಚೀನಿ ಲಿಪಿ ಕಲಿಯಲು ಜನಸಾಮಾನ್ಯರಿಗೆ ಸಾಧ್ಯವಾಗುತ್ತಿಲ್ಲವೆಂದು ಕೊರಿಯನ್ ಭಾಷೆಗೆ ಅದರದೇ ಆದ ಹಾಂಗುಲ್ ಲಿಪಿಯನ್ನು ರೂಪಿಸಿ, 1446ರಲ್ಲಿ ಪ್ರಕಟಿಸಿದ ದೊರೆ ಈತ. ಆ ಕೆಲಸ ನಡೆದದ್ದೂ ಇದೇ ಅರಮನೆಯಲ್ಲಿ. ಇಡೀ ನಗರದ ಅಂಗಡಿ, ಬಸ್ಸು, ಬ್ಯಾಂಕುಗಳೆಲ್ಲ ಆತನ ಲಿಪಿಯಲ್ಲಿ ಹೆಸರು ಬರೆದುಕೊಂಡಿರುವಾಗ ಆತನ ಮನೆಯ ಬಾಗಿಲು ಮಾತ್ರ ಚೀನಿ ಅಕ್ಷರಗಳನ್ನು ಧರಿಸಿ ನಿಂತಿದೆ. ನಾಮಫಲಕಗಳ ಭಾಷೆಯ ಬಗ್ಗೆ ದಶಕಗಳಿಂದ ಜಗಳವಾಡುತ್ತ ಬಂದಿರುವ ಬೆಂಗಳೂರಿನಿಂದ ಹೋದವನ ಕಣ್ಣಿಗೆ ಇದು ಬೀಳದೇ ಇರುವುದು ಹೇಗೆ?

ಮರುದಿನ ಮೂರು ಸಾವಿರ ವೋನ್ ಕೊಟ್ಟು ಒಳಗೆ ಹೋದೆ. ಸಾಂಪ್ರದಾಯಿಕ ಹಾನ್‌ಬೊಕ್ ಉಡುಪು ಧರಿಸಿ ಬಂದವರಿಗೆ ಪ್ರವೇಶ ಉಚಿತ. ಹಾಗಾಗಿ ಸುತ್ತಲ ಗಲ್ಲಿಗಳ ಅಂಗಡಿಗಳಲ್ಲಿ ಬಾಡಿಗೆಗೆ ಪಡೆದ ಬಣ್ಣಬಣ್ಣದ ಲಂಗಗಳಲ್ಲಿ ದೇಶವಿದೇಶದ ತರುಣಿಯರು ಅಂಗಳದ ತುಂಬ ಓಡಾಡುತ್ತಿದ್ದರು. ಪ್ರವಾಸಿಗರಿಗೆ ಇಂಗ್ಲಿಷಿನಲ್ಲಿ ವಿವರಿಸುವ ಮಾರ್ಗದರ್ಶಿ ಒಬ್ಬ ನಿವೃತ್ತ ಅಧ್ಯಾಪಕಿ. ಹೆಬ್ಬಾಗಿಲು ಎಷ್ಟು ಹಳೆಯದು ಎಂದು ಕೇಳಿದೆ. ಆರುನೂರು ವರ್ಷ ಎಂಬ ಉತ್ತರವನ್ನು ನಿರೀಕ್ಷಿಸಿದ್ದೆ. ಆಕೆ ಎಳ್ಳಷ್ಟೂ ಅಳುಕದೆ ‘ಹದಿನೈದು ವರ್ಷ’ ಎಂದರು. ಅಲ್ಲಿಂದ ಮುಂದೆ ಪ್ರತಿ ಕಟ್ಟಡದ ಮುಂದೆಯೂ ನಾನು ಇದೇ ಪ್ರಶ್ನೆ ಕೇಳಿದೆ. ಎರಡನೆಯ ಬಾಗಿಲು ಹುಂಗ್‌ನ್ಯೆಮುನ್, 2001ರದ್ದು. ಸಿಂಹಾಸನವಿರುವ ಗುಂಜೊಂಗ್‌ಜೊನ್, 1867ರದ್ದು. ಅದರ ಹಿಂದಿನ ರಾಜನ ಶಯನಗೃಹ, 1995ರದ್ದು. ಕೊಳದ ನಡುವೆ 48 ಕಲ್ಲುಕಂಬಗಳ ಮೇಲೆ ನಿಂತ ಔತಣಶಾಲೆ, ಮತ್ತೆ 1867ರದ್ದು. ಉತ್ತರದ ತುದಿಯಲ್ಲಿರುವ ರಾಣಿಯ ನಿವಾಸ, 2007ರದ್ದು. ಒಂದೇ ಬಗೆಯ ಹೆಂಚು, ಒಂದೇ ಬಗೆಯ ಬಣ್ಣ. ಆದರೆ ವಯಸ್ಸು ಮಾತ್ರ ಅಜ್ಜ ಮೊಮ್ಮಕ್ಕಳಷ್ಟು ಬೇರೆ ಬೇರೆ.

ಈ ಲೆಕ್ಕ ಅರ್ಥವಾಗಬೇಕಾದರೆ ಅರಮನೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಜೊಸೊನ್ ರಾಜವಂಶದ ಸ್ಥಾಪಕ ಯಿ ಸೊಂಗ್‌ಗ್ಯೆ ಇದನ್ನು ಕಟ್ಟಿಸಿದ್ದು 1395ರಲ್ಲಿ. ಆತನ ಮಂತ್ರಿ ಜೊಂಗ್ ದೊಜೊನ್ ಕನ್‌ಫ್ಯೂಷಿಯಸ್ ಪರಂಪರೆಯ ಆದರ್ಶಗಳಿಗೆ ಅನುಗುಣವಾಗಿ ಒಂದೊಂದು ಭವನಕ್ಕೂ ಹೆಸರಿಟ್ಟ. 1592ರಲ್ಲಿ ಜಪಾನಿನ ಸೇನೆ ದಂಡೆತ್ತಿ ಬಂದಾಗ ದೊರೆ ರಾಜಧಾನಿ ತೊರೆದ; ಅರಮನೆ ಸುಟ್ಟು ಬೂದಿಯಾಯಿತು. ಬೆಂಕಿ ಹಚ್ಚಿದವರು ಶತ್ರುಗಳೋ, ಓಡಿಹೋದ ದೊರೆಯ ಮೇಲೆ ಸಿಟ್ಟಿಗೆದ್ದ ಪ್ರಜೆಗಳೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆಮೇಲೆ ಸುಮಾರು 270 ವರ್ಷ ಈ ಜಾಗ ಪಾಳು. ದೊರೆಗಳು ಬೇರೆ ಅರಮನೆಗಳಲ್ಲಿದ್ದು ರಾಜ್ಯವಾಳಿದರು.

1865ರಲ್ಲಿ ಬಾಲದೊರೆ ಗೊಜೊಂಗನ ಪರವಾಗಿ ಅಧಿಕಾರ ನಡೆಸುತ್ತಿದ್ದ ಅವನ ತಂದೆ, ದೇವೊನ್‌ಗುನ್ ಎಂದು ಪ್ರಸಿದ್ಧನಾದವನು, ಪಾಳುಬಿದ್ದ ಅರಮನೆಯನ್ನು ಮತ್ತೆ ಕಟ್ಟಿಸಲು ಹೊರಟ. ಸಿಂಹಾಸನದ ಕುಂದಿದ ಪ್ರತಿಷ್ಠೆಯನ್ನು ಮೇಲೆತ್ತುವುದೇ ಅವನ ಗುರಿ. ಅದಕ್ಕಾಗಿ ‘ಸ್ವಯಂಪ್ರೇರಿತ’ ದೇಣಿಗೆ ಎಂಬ ಹೆಸರಿನಲ್ಲಿ ಜನರಿಂದ ಬಲವಂತವಾಗಿ ಹಣ ಎತ್ತಿದ. ಅದೂ ಸಾಲದಾದಾಗ, ಒಂದು ನಾಣ್ಯಕ್ಕೆ ನೂರು ನಾಣ್ಯದ ಬೆಲೆ ಎಂದು ಹೊಸ ದುಡ್ಡು ಟಂಕಿಸಿದ. ಬೆಲೆಗಳು ಗಗನಕ್ಕೇರಿದವು. ಇಂದು ‘ಮೂಲ ಅರಮನೆ’ ಎಂದು ಕರೆಯಲಾಗುವ 1867ರ ಕಟ್ಟಡಗಳು ಹೀಗೆ ಹುಟ್ಟಿದವು. ಅಂದರೆ ಯಾವುದನ್ನು ಮೂಲವೆಂದು ಇಟ್ಟುಕೊಂಡು ಈಗ ಪುನರ್ನಿರ್ಮಾಣ ನಡೆಯುತ್ತಿದೆಯೋ ಅದೇ ಒಂದು ಪುನರ್ನಿರ್ಮಾಣ, ಅದೂ ಅಪ್ಪಟ ರಾಜಕೀಯ ಉದ್ದೇಶದ್ದು. ಅರಮನೆಯ ವಕ್ತಾರರು ಇದನ್ನು ಅಷ್ಟಾಗಿ ಒತ್ತಿ ಹೇಳುವುದಿಲ್ಲ.

ಆ ವೈಭವ ಮೂವತ್ತು ವರ್ಷವೂ ಬಾಳಲಿಲ್ಲ. ಉತ್ತರದ ಮೂಲೆಯ ಗೊಂಚೊಂಗ್‌ಗುಂಗ್ ನಿವಾಸದಲ್ಲಿ 1887ರಲ್ಲಿ ಕೊರಿಯಾದ ಮೊದಲ ವಿದ್ಯುದ್ದೀಪ ಬೆಳಗಿತು. ಎಂಟು ವರ್ಷದ ನಂತರ, 1895ರ ಅಕ್ಟೋಬರ್ 8ರ ಬೆಳಗಿನ ಜಾವ, ಅದೇ ನಿವಾಸದೊಳಗೆ ನುಗ್ಗಿದ ಜಪಾನೀಯರು ರಾಣಿ ಮಿನ್‌ಳನ್ನು ಕೊಂದರು. ಸಂಚಿನ ಹಿಂದಿದ್ದವನು ಜಪಾನಿನ ರಾಯಭಾರಿ ಮಿಯುರಾ ಗೊರೊ. ಹಿರೋಷಿಮಾದಲ್ಲಿ ವಿಚಾರಣೆ ನಡೆದು ಸಾಕ್ಷ್ಯಾಧಾರ ಸಾಲದೆಂದು ಎಲ್ಲರೂ ಬಿಡುಗಡೆಯಾದರು. ಕೆಲವೇ ತಿಂಗಳಲ್ಲಿ ದೊರೆ ಗೊಜೊಂಗ್ ರಷ್ಯಾದ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದ. ಮತ್ತೆ ಈ ಅರಮನೆಗೆ ಬಂದು ನೆಲೆಸಲಿಲ್ಲ. ಮರುನಿರ್ಮಿತ ನಿವಾಸದ ಬಿಳಿ ಕಾಗದದ ಕಿಟಕಿಗಳ ಮುಂದೆ ನಮ್ಮ ಗುಂಪು ನಿಂತಾಗ ಅಧ್ಯಾಪಕಿ ದನಿ ತಗ್ಗಿಸಿದರು. ಗುಂಪಿನಲ್ಲಿ ಇಬ್ಬರು ಜಪಾನೀ ವಿದ್ಯಾರ್ಥಿಗಳಿದ್ದರು. ಆಕೆ ಏನನ್ನೂ ಮುಚ್ಚಿಡಲಿಲ್ಲ, ಕೆಣಕಲೂ ಇಲ್ಲ.

1910ರಲ್ಲಿ ಕೊರಿಯಾ ಜಪಾನಿನ ವಸಾಹತಾಯಿತು. ಹೊಸ ಆಡಳಿತ 1915ರಲ್ಲಿ ಅರಮನೆಯ ಆವರಣದಲ್ಲಿ ಬೃಹತ್ ವಸ್ತುಪ್ರದರ್ಶನ ಏರ್ಪಡಿಸಿತು. ಅದರ ನೆಪದಲ್ಲಿ ಹಲವು ಭವನಗಳು ಮಾಯವಾದವು. 1917ರಲ್ಲಿ ಚಾಂಗ್‌ದೊಕ್‌ಗುಂಗ್ ಅರಮನೆಗೆ ಬೆಂಕಿ ಬಿದ್ದಾಗ ಅದರ ದುರಸ್ತಿಗೆಂದು ಇಲ್ಲಿನ ರಾಜ ರಾಣಿಯರ ಶಯನಗೃಹಗಳನ್ನು ಬಿಚ್ಚಿ ಮರ ಸಾಗಿಸಲಾಯಿತು. ಎಲ್ಲಕ್ಕಿಂತ ದೊಡ್ಡ ಏಟು ಬಿದ್ದದ್ದು ಮುಂಭಾಗದಲ್ಲಿ. ಸಿಂಹಾಸನ ಭವನದ ಎದುರಿಗೇ, ಅದನ್ನು ಸಂಪೂರ್ಣ ಮರೆಮಾಡುವಂತೆ, ಗುಮ್ಮಟ ಹೊತ್ತ ಕಲ್ಲಿನ ಸೌಧವೊಂದು 1916ರಿಂದ 1926ರವರೆಗೆ ಮೇಲೆದ್ದಿತು. ಅದು ಜಪಾನಿನ ಗವರ್ನರ್ ಜನರಲ್ ಕಚೇರಿ. ಅದರ ತಳನಕ್ಷೆ ಜಪಾನ್ ಎಂಬ ಹೆಸರಿನ ಮೊದಲ ಚೀನಿ ಅಕ್ಷರದಂತೆಯೇ ಇದೆ ಎಂಬ ಮಾತು ಕೊರಿಯನ್ನರ ಬಾಯಲ್ಲಿ ಇಂದಿಗೂ ಇದೆ. ಗ್ವಾಂಗ್‌ಹ್ವಾಮುನ್ ಬಾಗಿಲು ಸೌಧದ ನೋಟಕ್ಕೆ ಅಡ್ಡಿಯಾಯಿತು. ಅದನ್ನು ಕೆಡವದಂತೆ 1922ರಲ್ಲಿ ಮರುಕದಿಂದ ಬರೆದವರಲ್ಲಿ ಜಪಾನಿನವರೇ ಆದ ಕಲಾಚಿಂತಕ ಯಾನಾಗಿ ಮುನೆಯೋಶಿ ಇದ್ದರು. ಕೊನೆಗೆ ಬಾಗಿಲು ಉಳಿಯಿತು, ಆದರೆ ಆವರಣದ ಪೂರ್ವದ ಬದಿಗೆ ಎತ್ತಂಗಡಿಯಾಗಿ.

ಕತೆ ಇಷ್ಟೇ ಆಗಿದ್ದರೆ ತೀರ್ಪು ಸುಲಭವಿತ್ತು. ದಬ್ಬಾಳಿಕೆಯ ಗುರುತನ್ನು ಕಿತ್ತೊಗೆಯಬೇಕು ಎನ್ನುವುದಕ್ಕೆ ಯಾರ ತಕರಾರು? ತೊಡಕೆಂದರೆ, ಸ್ವಾತಂತ್ರ್ಯದ ನಂತರವೂ ಆ ಸೌಧ ಐವತ್ತು ವರ್ಷ ಬದುಕಿತು. ಜಪಾನಿನ ಗವರ್ನರ್ ಜನರಲ್ 1945ರ ಸೆಪ್ಟೆಂಬರ್ 9ರಂದು ಅಮೆರಿಕದ ಸೇನೆಗೆ ಶರಣಾಗತಿ ಪತ್ರ ಒಪ್ಪಿಸಿದ್ದು ಅಲ್ಲಿ. 1948ರಲ್ಲಿ ಕೊರಿಯಾ ಗಣರಾಜ್ಯದ ಮೊದಲ ಶಾಸನಸಭೆ ಸೇರಿದ್ದು ಅಲ್ಲಿ, ಸಂವಿಧಾನ ಘೋಷಿತವಾದದ್ದು ಅಲ್ಲಿ, ಗಣರಾಜ್ಯದ ಸರ್ಕಾರ ಅಸ್ತಿತ್ವಕ್ಕೆ ಬಂತೆಂದು ಸಾರಿದ್ದೂ ಅಲ್ಲಿಯೇ. ಕೊರಿಯಾ ಯುದ್ಧದಲ್ಲಿ ಸುಟ್ಟು, ದುರಸ್ತಿಯಾಗಿ, ಮತ್ತೆ ಸರ್ಕಾರಿ ಕಚೇರಿಯಾಗಿ, 1986ರಿಂದ ಅದು ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿತ್ತು. ಪರಕೀಯ ಆಳ್ವಿಕೆಯ ಕಚೇರಿ ಮತ್ತು ಸ್ವತಂತ್ರ ದೇಶದ ಜನ್ಮಸ್ಥಾನ, ಎರಡೂ ಒಂದೇ ಗೋಡೆಗಳ ಒಳಗಿದ್ದವು.

ಮೂರು ದಶಕಗಳ ತರುವಾಯ ಸೈನ್ಯದ ಹಿನ್ನೆಲೆಯಿಲ್ಲದ ಅಧ್ಯಕ್ಷರಾಗಿ 1993ರಲ್ಲಿ ಅಧಿಕಾರಕ್ಕೆ ಬಂದ ಕಿಮ್ ಯಂಗ್ ಸ್ಯಾಮ್ ಅದನ್ನು ಕೆಡವಲು ನಿರ್ಧರಿಸಿದರು. ‘ಇತಿಹಾಸವನ್ನು ಸರಿಯಾಗಿ ನಿಲ್ಲಿಸುವುದು’ ಅವರ ಘೋಷಣೆ. ಕಲ್ಲು ಕಲ್ಲಾಗಿ ಬಿಚ್ಚಿ ಬೇರೆಡೆ ನಿಲ್ಲಿಸಿ ಎಂದವರಿದ್ದರು. ಕಹಿಯ ಸಾಕ್ಷಿಯಾಗಿ ಇದ್ದಲ್ಲೇ ಉಳಿಸಿ ಎಂದವರೂ ಇದ್ದರು. ವಸ್ತುಸಂಗ್ರಹಾಲಯಕ್ಕೆ ಹೊಸ ಕಟ್ಟಡವೇ ಇಲ್ಲದಿರುವಾಗ ಹಳೆಯದನ್ನು ಒಡೆಯುವ ಅವಸರವೇಕೆಂದು ವಿದ್ವಾಂಸರು ಕೇಳಿದರು. ಯಾವುದೂ ನಡೆಯಲಿಲ್ಲ. ವಿಮೋಚನೆಯ ಐವತ್ತನೆಯ ವರ್ಷಾಚರಣೆಯಾದ 1995ರ ಆಗಸ್ಟ್ 15ರಂದು ಗುಮ್ಮಟದ ಶಿಖರವನ್ನು ಕತ್ತರಿಸಿ ಇಳಿಸಲಾಯಿತು. ಮುಂದಿನ ವರ್ಷದ ಕೊನೆಯ ಹೊತ್ತಿಗೆ ಸೌಧವೇ ಇರಲಿಲ್ಲ. ವಸ್ತುಸಂಗ್ರಹಾಲಯಕ್ಕೆ ಖಾಯಂ ನೆಲೆ ಸಿಕ್ಕಿದ್ದು 2005ರಲ್ಲಿ, ನಗರದ ಇನ್ನೊಂದು ಭಾಗವಾದ ಯೊಂಗ್‌ಸಾನ್‌ನಲ್ಲಿ.

ಕತ್ತರಿಸಿದ ಶಿಖರ ಈಗ ಚೊನಾನ್ ನಗರದ ಸ್ವಾತಂತ್ರ್ಯ ಸ್ಮಾರಕದ ಪಶ್ಚಿಮದ ಬದಿಯಲ್ಲಿ, ನೆಲಮಟ್ಟಕ್ಕಿಂತ ಐದು ಮೀಟರ್ ಕೆಳಗಿನ ಹಳ್ಳದಲ್ಲಿದೆ. ನೋಡುವವರು ಮೇಲಿನಿಂದ ಬಗ್ಗಿ ನೋಡಬೇಕು. ಪಶ್ಚಿಮವೆಂದರೆ ಸೂರ್ಯ ಮುಳುಗುವ ದಿಕ್ಕು. ಸೌಧವಿದ್ದ ಜಾಗದಲ್ಲಿ ಇಂದು ಇರುವುದು 2001ರ ಹುಂಗ್‌ನ್ಯೆಮುನ್ ಬಾಗಿಲು ಮತ್ತು ಅಂಗಳ. ಆ ಅಂಗಳದಲ್ಲಿ ನಿಂತು, ಒಂದು ಗಣರಾಜ್ಯ ಹುಟ್ಟಿದ ಸ್ಥಳ ಇದೇ ಎಂಬುದನ್ನು ಸೂಚಿಸುವ ಏನಾದರೂ ಇದೆಯೇ ಎಂದು ಕಣ್ಣಾಡಿಸಿದೆ. ನನಗೆ ಕಂಡದ್ದು ಫೋಟೊ ತೆಗೆಸಿಕೊಳ್ಳುತ್ತಿದ್ದ ಜನ ಮಾತ್ರ. ವಸಾಹತಿನ ಅವಮಾನ ಅನುಭವಿಸದ ಯಾರೂ ಆ ಕಟ್ಟಡ ಉಳಿಯಬೇಕಿತ್ತೆಂದು ಕೊರಿಯನ್ನರಿಗೆ ಬುದ್ಧಿ ಹೇಳುವಂತಿಲ್ಲ. ನಾವು ಅನುಭವಿಸಿದವರೇ ಆದ್ದರಿಂದ ಇಷ್ಟನ್ನು ಹೇಳಬಹುದು: ಕೆಡವಿದ್ದು ತಪ್ಪೆಂದು ನನಗನಿಸುವುದಿಲ್ಲ, ಕೆಡವಿದ ಜಾಗದಲ್ಲಿ ನಡುವಿನ ಎಂಬತ್ತು ವರ್ಷ ಏನೂ ನಡೆದೇ ಇಲ್ಲವೆಂಬಂತೆ ಬಾಗಿಲು ನಿಲ್ಲಿಸಿದ್ದು ಸರಿಯೆನಿಸುವುದಿಲ್ಲ.

ಇತಿಹಾಸವನ್ನು ಅಳಿಸಲು ಹೊರಟವರನ್ನು ಅದು ಹೇಗೆ ಅಣಕಿಸುತ್ತದೆ ಎಂಬುದಕ್ಕೆ ಗ್ವಾಂಗ್‌ಹ್ವಾಮುನ್ ಬಾಗಿಲೇ ಉದಾಹರಣೆ. ಪೂರ್ವಕ್ಕೆ ಎತ್ತಂಗಡಿಯಾಗಿದ್ದ ಬಾಗಿಲಿನ ಮರದ ಭಾಗ ಕೊರಿಯಾ ಯುದ್ಧದಲ್ಲಿ ಸುಟ್ಟುಹೋಯಿತು. ಸೇನಾಧಿಕಾರಿ ಅಧ್ಯಕ್ಷ ಪಾರ್ಕ್ ಚುಂಗ್ ಹೀ 1968ರಲ್ಲಿ ಅದನ್ನು ಮುಂಭಾಗಕ್ಕೆ ತಂದು ಮತ್ತೆ ಕಟ್ಟಿಸಿದರು, ಮರದಲ್ಲಲ್ಲ, ಕಾಂಕ್ರೀಟಿನಲ್ಲಿ. ಫಲಕದ ಮೇಲೆ ಸ್ವಂತ ಕೈಬರಹದಲ್ಲಿ, ಹಾಂಗುಲ್ ಲಿಪಿಯಲ್ಲಿ ಹೆಸರು ಬರೆದರು. ರಾಷ್ಟ್ರಾಭಿಮಾನದ ಈ ಪ್ರದರ್ಶನದಲ್ಲಿ ಒಂದು ಲೋಪವಿತ್ತು. ಬಾಗಿಲನ್ನು ನಿಲ್ಲಿಸಿದ್ದು ಅರಮನೆಯ ಅಕ್ಷರೇಖೆಗೆ ಅನುಗುಣವಾಗಿ ಅಲ್ಲ, ಅದರ ಹಿಂದೆ ಆಗ ಇನ್ನೂ ನಿಂತಿದ್ದ ಜಪಾನೀ ಸೌಧಕ್ಕೆ ನೇರವಾಗಿ. ಆ ಸೌಧ ಅರಮನೆಯ ರೇಖೆಯಿಂದ ಕೆಲವು ಡಿಗ್ರಿ ಓರೆಯಾಗಿತ್ತು, ಬಾಗಿಲೂ ಓರೆಯಾಯಿತು. ಮುಂದೆ ಸೌಧವೇ ನೆಲಸಮವಾದ ಮೇಲೂ ಅದರ ಓರೆ ಮಾತ್ರ ರಾಷ್ಟ್ರೀಯ ಹೆಬ್ಬಾಗಿಲಿನಲ್ಲಿ ಹತ್ತು ವರ್ಷ ಉಳಿದಿತ್ತು. 2006ರ ಡಿಸೆಂಬರ್‌ನಲ್ಲಿ ಆ ಕಾಂಕ್ರೀಟ್ ಬಾಗಿಲನ್ನು ಬಿಚ್ಚಲಾರಂಭಿಸಿದರು. ಈಗಿರುವ ಮರದ ಬಾಗಿಲು ಮೂಲ ಜಾಗದಲ್ಲಿ, ಮೂಲ ದಿಕ್ಕಿಗೆ ಮುಖಮಾಡಿ, 2010ರ ಆಗಸ್ಟ್ 15ರಂದು ತೆರೆದುಕೊಂಡಿತು.

ಆಗ ಎದ್ದ ಪ್ರಶ್ನೆ ಫಲಕದ್ದು. ವಾಸ್ತವವಾಗಿ ಅದು 2005ರಲ್ಲೇ ಎದ್ದಿತ್ತು. ಪಾರ್ಕ್ ಅವರ ಹಾಂಗುಲ್ ಫಲಕವನ್ನು ತೆಗೆದು ಚೀನಿ ಅಕ್ಷರಗಳ ಫಲಕ ಹಾಕುವ ಯೋಜನೆ ಹೊರಬಿದ್ದಾಗ, ಇದು ಪರಂಪರೆಯ ಕಾಳಜಿಯೋ ಪಾರ್ಕ್ ಹೆಸರಿನ ಮೇಲಿನ ಸೇಡೋ ಎಂದು ವಿರೋಧ ಪಕ್ಷ ಹರಿಹಾಯ್ದಿತು. ಅಂತೂ 2010ರಲ್ಲಿ ಬಿಳಿ ಹಲಗೆಯ ಮೇಲೆ ಕಪ್ಪು ಚೀನಿ ಅಕ್ಷರಗಳು ಬಂದವು. 1860ರ ದಶಕದಲ್ಲಿ ಬಾಗಿಲಿನ ಕೆಲಸದ ಉಸ್ತುವಾರಿ ಹೊತ್ತಿದ್ದ ಸೇನಾಪತಿ ಇಮ್ ತೆಯೊಂಗ್‌ನ ಬರಹವನ್ನು ಹಳೆಯ ಛಾಯಾಚಿತ್ರದಿಂದ ಎತ್ತಿ ರೂಪಿಸಿದ್ದು. ಮೂರು ತಿಂಗಳಲ್ಲಿ ಹಲಗೆ ಸೀಳಿತು. ಸೀಳಿದ ಹಲಗೆಯ ಜೊತೆಗೆ ಇನ್ನೊಂದು ಸಂಶಯವೂ ಬಾಯ್ತೆರೆಯಿತು: ಮೂಲ ಫಲಕ ನಿಜಕ್ಕೂ ಬಿಳಿಯದಾಗಿತ್ತೇ? ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದ್ದ ಹತ್ತೊಂಬತ್ತನೆಯ ಶತಮಾನದ ಛಾಯಾಚಿತ್ರದಲ್ಲಿ ಹಲಗೆ ಕಪ್ಪಾಗಿ ಕಂಡಿತು. ಟೋಕಿಯೊದ ವಸೇಡಾ ವಿಶ್ವವಿದ್ಯಾಲಯದಲ್ಲಿದ್ದ, ಅರಮನೆಯ ಮರುನಿರ್ಮಾಣದ ದಿನಚರಿ ಪುಸ್ತಕ ಕಪ್ಪು ಹಿನ್ನೆಲೆ, ಬಂಗಾರದ ಅಕ್ಷರ ಎಂದು ಖಚಿತಪಡಿಸಿತು. ತಮ್ಮ ಬಾಗಿಲ ಮೇಲಿನ ಹಲಗೆಯ ಬಣ್ಣ ತಿಳಿಯಲು ಕೊರಿಯನ್ನರು ವಾಷಿಂಗ್ಟನ್ನಿಗೂ ಟೋಕಿಯೊಗೂ ಹೋಗಬೇಕಾಯಿತು. ಈಗಿನ ಫಲಕ 2023ರ ಅಕ್ಟೋಬರ್‌ನದು.

ಅದೇ ದಿನ ಬಾಗಿಲ ಮುಂದಿನ ‘ವೊಲ್ದೆ’ ಎಂಬ ಎತ್ತರಿಸಿದ ಕಲ್ಲುಹಾಸು ಕೂಡ ಲೋಕಾರ್ಪಣೆಯಾಯಿತು. ಸುಮಾರು 49 ಮೀಟರ್ ಉದ್ದದ ಈ ಜಗಲಿಯ ಮೇಲೆ ದೊರೆ ಪ್ರಜೆಗಳಿಗೆ ಮುಖ ತೋರಿಸುತ್ತಿದ್ದನಂತೆ. ವಸಾಹತು ಆಡಳಿತ ಅದರ ಮೇಲೆ ಟ್ರಾಮ್ ಹಳಿ ಹಾಯಿಸಿತ್ತು. ಉತ್ಖನನದಲ್ಲಿ ಹಳೆಯ ಬುನಾದಿ ಸಿಕ್ಕಿತು; ಚದುರಿಹೋಗಿದ್ದ ಕಲ್ಲುಗಳು ಒಂದು ರಾಜಸಮಾಧಿ ಸಮುಚ್ಚಯದಲ್ಲಿ ದೊರೆತವು. ಮುಂದಿನ ಎರಡು ಶಿಲಾಮೃಗಗಳನ್ನು ಸ್ಯಾಮ್‌ಸಂಗ್ ಸಮೂಹದ ಮುಖ್ಯಸ್ಥರಾಗಿದ್ದ ಲೀ ಕುನ್ ಹೀ ಅವರ ಕುಟುಂಬ ದಾನವಾಗಿ ಕೊಟ್ಟಿತು. ಈ ಜಗಲಿಗೆ ಜಾಗ ಮಾಡಿಕೊಡಲು ನಗರದ ಅತ್ಯಂತ ದಟ್ಟಣೆಯ ರಸ್ತೆಗಳಲ್ಲೊಂದನ್ನು ಬಿಲ್ಲಿನಂತೆ ಬಗ್ಗಿಸಲಾಗಿದೆ. ನಾನು ಕುಳಿತಿದ್ದ ಟ್ಯಾಕ್ಸಿಯ ಚಾಲಕ ಆ ತಿರುವಿನಲ್ಲಿ ಗೊಣಗಿದ್ದು ಭಾಷೆ ಬಾರದಿದ್ದರೂ ನನಗೆ ಅರ್ಥವಾಯಿತು.

ನಮ್ಮಲ್ಲಿ ಇಂಥ ಪ್ರಶ್ನೆಗಳು ಇಷ್ಟು ನಿಖರವಾಗಿ ಏಳುವುದು ಕಡಿಮೆ. ಮೈಸೂರಿನ ಮರದ ಅರಮನೆ 1897ರಲ್ಲಿ ಸುಟ್ಟಾಗ ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಬೇರೆಯದೇ ರೂಪದ ಅರಮನೆ ಕಟ್ಟಿಕೊಟ್ಟರು. ನಾವು ಅದನ್ನೇ ನಮ್ಮದೆಂದು ಒಪ್ಪಿಕೊಂಡೆವು. ದಸರೆಯ ದೀಪಗಳ ಕೆಳಗೆ ನಿಂತು ಇದು ಯಾವ ವರ್ಷದ್ದು ಎಂದು ಕೇಳುವವರಿಲ್ಲ. ಜೀರ್ಣೋದ್ಧಾರವೆಂಬ ನಮ್ಮ ಪದದಲ್ಲಿ ಹಳೆಯದನ್ನು ಹೊಸದಾಗಿಸುವ ಅನುಮತಿ ಸೇರಿಕೊಂಡೇ ಇದೆ. ಕೊರಿಯನ್ನರದು ಅದಕ್ಕಿಂತ ಕಠಿಣವಾದ ಪಟ್ಟು: ಒಂದು ನಿರ್ದಿಷ್ಟ ಕಾಲವನ್ನು ಆರಿಸಿಕೊಂಡು ಅದಕ್ಕೆ ಬದ್ಧರಾಗುವುದು. ಅವರು ಆರಿಸಿಕೊಂಡದ್ದು ಗೊಜೊಂಗನ ಕಾಲ. 1990ರಲ್ಲಿ ಶುರುವಾದ ಈ ಕಾರ್ಯದ ಎರಡನೆಯ ಹಂತ 2045ರವರೆಗೆ ಸಾಗಲಿದೆ. ಸೆಜೊಂಗನ ಕಾಲವನ್ನು ಏಕೆ ಆರಿಸಲಿಲ್ಲವೆಂದರೆ ಆ ಕಾಲದ ಕಟ್ಟಡಗಳ ವಿವರ ಸಾಲದು. ದಾಖಲೆ ಇರುವ ಕಾಲವೇ ‘ಮೂಲ’ ಕಾಲವಾಗಿ ಬಿಡುತ್ತದೆ. ಇದು ಪ್ರಾಮಾಣಿಕ ವಿಧಾನವೇ, ಆದರೆ ತಟಸ್ಥವಾದದ್ದೆಂದು ಹೇಳಲಾಗದು. ದೇವೊನ್‌ಗುನ್ ಬಲವಂತದ ದೇಣಿಗೆಯಿಂದ ಕಟ್ಟಿಸಿದ್ದನ್ನು ಇಂದು ಪ್ರಜಾಪ್ರಭುತ್ವವೊಂದು ತೆರಿಗೆಯ ಹಣದಿಂದ ಮತ್ತೆ ಕಟ್ಟುತ್ತಿದೆ.

ಬಾಗಿಲ ಮುಂದಿನ ಚೌಕ ಯಾರದ್ದು ಎಂಬ ಬಗ್ಗೆ ಮಾತ್ರ ಅಲ್ಲಿ ಯಾರಿಗೂ ಅನುಮಾನವಿದ್ದಂತಿಲ್ಲ. ಹಾಂಗುಲ್ ಫಲಕ ಬರೆದ ಪಾರ್ಕ್ ಅವರ ಮಗಳು ಪಾರ್ಕ್ ಗುನ್ ಹೇ ಅಧ್ಯಕ್ಷೆಯಾಗಿದ್ದಾಗ, 2016ರ ಚಳಿಗಾಲದಲ್ಲಿ ವಾರ ವಾರವೂ ಲಕ್ಷಾಂತರ ಜನ ಮೇಣದ ಬತ್ತಿ ಹಿಡಿದು ಸೇರಿದ್ದು ಇಲ್ಲಿ. 2017ರ ಮಾರ್ಚ್‌ನಲ್ಲಿ ಸಂವಿಧಾನ ನ್ಯಾಯಾಲಯ ಆಕೆಯನ್ನು ಪದಚ್ಯುತಗೊಳಿಸಿತು. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿದರು. ಶಾಸನಸಭೆಯ 190 ಸದಸ್ಯರು ಮಧ್ಯರಾತ್ರಿಯ ನಂತರ ಸೇರಿ ಒಮ್ಮತದಿಂದ ಅದನ್ನು ತಿರಸ್ಕರಿಸಿದರು. ಸುಮಾರು ಆರು ಗಂಟೆಯಲ್ಲಿ ಘೋಷಣೆ ಹಿಂದಕ್ಕೆ ಹೋಯಿತು. ಮುಂದಿನ ನಾಲ್ಕು ತಿಂಗಳು, 2025ರ ಏಪ್ರಿಲ್ 4ರಂದು ಯೂನ್ ಪದಚ್ಯುತರಾಗುವವರೆಗೆ, ಅವರ ವಿರೋಧಿಗಳೂ ಬೆಂಬಲಿಗರೂ ಕೆಲವೇ ನೂರು ಮೀಟರ್ ಅಂತರದಲ್ಲಿ ಇದೇ ಸುತ್ತಮುತ್ತ ಸಭೆ ಸೇರಿದರು. ವಿರೋಧಿಗಳು ಸೇರುತ್ತಿದ್ದುದು ದೊಂಗ್‌ಸಿಪ್‌ಜಗಾಕ್ ಎದುರು. ಅದು ಅರಮನೆಯ ಆಗ್ನೇಯ ಮೂಲೆಯ ಕಾವಲುಗೋಪುರ. ವಸಾಹತು ಕಾಲದಲ್ಲಿ ಗೋಡೆಯನ್ನು ಒಡೆದು ಹಿಂದೆ ಸರಿಸಿದಾಗ ಇದೊಂದು ಅರಮನೆಯಿಂದ ಬೇರ್ಪಟ್ಟು ರಸ್ತೆಯ ನಡುವೆ ಅನಾಥವಾಗಿ ಉಳಿಯಿತು. ರಜೆಯ ಮಂಗಳವಾರ ಅದನ್ನು ನಾನು ಬಹಳ ಹೊತ್ತು ನೋಡಿದೆ. ನಾಲ್ಕು ದಿಕ್ಕಿಗೂ ವಾಹನ. ಕಾಯಲು ಏನೂ ಇಲ್ಲದ ಕಾವಲುಗೋಪುರ. ಯಾರೂ ಅದಕ್ಕೆ ಹಳೆಯ ಜಾಗ ಮರಳಿಸಿಲ್ಲ, ಯಾರೂ ಅದರ ಮೈಮೇಲಿನ ಕಾಲವನ್ನು ಒರೆಸಿಲ್ಲ. ಅರಮನೆಯ ಎಲ್ಲ ಭವನಗಳಿಗಿಂತ ಅದೇ ಹೆಚ್ಚು ಸತ್ಯ ಹೇಳುತ್ತಿದೆ ಎಂದು ನನಗೆ ತೋರಿತು.

ಫಲಕದ ವಾದ ಮುಗಿದಿಲ್ಲ. 2024ರ ಮೇ ತಿಂಗಳಲ್ಲಿ, ಸೆಜೊಂಗ್ ಜನ್ಮದಿನಾಚರಣೆಯ ಸಂದರ್ಭದಲ್ಲಿ, ಆಗಿನ ಸಂಸ್ಕೃತಿ ಸಚಿವರೇ ಹಾಂಗುಲ್ ಫಲಕದ ಬಗ್ಗೆ ಮತ್ತೆ ಚರ್ಚೆಯಾಗಲಿ ಎಂದರು. ಹಾಂಗುಲ್ ಪರ ಸಂಘಟನೆಗಳ ವಾದ ಸರಳ: ಇದು ಸತ್ತ ರಾಜವಂಶದ ಮನೆಯಲ್ಲ, ಬದುಕಿರುವ ಗಣರಾಜ್ಯದ ಮುಖ. ಪರಂಪರೆ ತಜ್ಞರ ವಾದವೂ ಸರಳ: ಕಲ್ಲು, ಮರ, ಬಣ್ಣ, ರಸ್ತೆಯ ತಿರುವು ಎಲ್ಲದರಲ್ಲೂ 1867ಕ್ಕೆ ನಿಷ್ಠರಾಗಿ, ಅಕ್ಷರದಲ್ಲಿ ಮಾತ್ರ ಇಂದಿನವರಾಗಲು ಬಾರದು. ಕನ್ನಡ ಫಲಕಗಳ ಪರವಾಗಿ ಹಿಂದೆ ಬರೆದಿರುವ ನನ್ನ ಒಲವು ಎತ್ತ ಇರಬೇಕೆಂದು ಓದುಗರು ಊಹಿಸಬಹುದು. ಆದರೂ ಈ ಒಂದು ಹಲಗೆಯ ಮಟ್ಟಿಗೆ ನಾನು ತಜ್ಞರ ಪರ. ಅಂಗಡಿಯ ಫಲಕ ಇಂದಿನ ಗಿರಾಕಿಗೆ ಬರೆದದ್ದು. ಇದು, ಹಾಂಗುಲ್ ಹುಟ್ಟಿ ನಾಲ್ಕು ಶತಮಾನ ಕಳೆದ ಮೇಲೂ ಆ ಮನೆಯ ಯಜಮಾನರು ಅದನ್ನು ಬಾಗಿಲ ಮೇಲೆ ಬರೆಯಲು ಒಪ್ಪಿರಲಿಲ್ಲ ಎಂಬುದರ ಸಾಕ್ಷಿ. ಆ ಮುಜುಗರ ಅಲ್ಲೇ ಇರಲಿ.

ಹೊರಡುವಾಗ ಅಧ್ಯಾಪಕಿಯ ಅಭಿಪ್ರಾಯ ಕೇಳಿದೆ. ತಾವು ಚೀನಿ ಅಕ್ಷರಗಳ ಪರ ಎಂದರು. ಮಗಳು ಹಾಂಗುಲ್ ಪರವಂತೆ. 2024ರ ಚಳಿಗಾಲದಲ್ಲಿ ಮಗಳು ದಿನವೂ ಕೆಲಸ ಮುಗಿಸಿ ಕಾವಲುಗೋಪುರದ ಬಳಿಯ ಸಭೆಗೆ ಹೋಗುತ್ತಿದ್ದಳು, ತಾವು ಬೆಚ್ಚಗಿನ ಕಾಲುಚೀಲ ತಂದುಕೊಡುತ್ತಿದ್ದೆವು ಎಂದರು. ‘ಫಲಕದ ಮಾತು ಮನೆಯಲ್ಲಿ ಊಟದ ಹೊತ್ತಿಗೆ ತೆಗೆಯುವುದಿಲ್ಲ’ ಎಂದು ನಕ್ಕು, ಎರಡು ಗಂಟೆಯ ಪಹರೆ ಬದಲಾವಣೆ ನೋಡಲು ಕಾದಿದ್ದ ಮುಂದಿನ ಗುಂಪಿನತ್ತ ನಡೆದರು.